ಮೂರನೇ ಸರ್ವರಿನ ಹಸಿರು ಚುಕ್ಕೆ

ಹಸಿರಾಗಿದೆ, ಮೂರನೇ ಸರ್ವರಿನ ಸಾಲಿನಲ್ಲಿ ತಂಗಿಯ ಚುಕ್ಕೆ ಹಸಿರಾಗಿಯೇ ಇದೆ, ಸದ್ಯ, ಇನ್ನು ಕಾಫಿ ಕುಡಿಯಬಹುದು — ಆರಿ ಕೆನೆ ಕಟ್ಟಿದೆ, ಇರಲಿ — ಎದ್ದಿದ್ದಾಳೆ, ಕೂತಿದ್ದಾಳೆ, ನದಿಯ ಹೂಳಿನ ಲೆಕ್ಕ ಹಾಕುತ್ತಿದ್ದಾಳೆ, ಓದಿ ಓದಿ ಹೂಳೆತ್ತೋ ಕೆಲಸ ಹಿಡಿದ್ಯಲ್ಲೇ ಅಂತ ರೇಗಿಸಿದಾಗ ದಿಂಬು ಎಸೆದಿದ್ದಳು, ಎಸೆಯಲಿ, ಈಗಲೂ ಎಸೆದರೆ ಎಷ್ಟು ಚೆನ್ನಾಗಿರುತ್ತಿತ್ತು. ನಾಲ್ಕು ಸರ್ವರು, ಊರೆಲ್ಲ ಹರಡಿಕೊಂಡ ಸಂಶೋಧಕರು, ಯಾರು ಎಲ್ಲಿಂದ ತಮ್ಮ ನೋಟ್‌ಬುಕ್, ಅಂದರೆ ಸರ್ವರಿನ ಮೇಲಿನ ಲೆಕ್ಕದ ಪುಟ, ತೆರೆದು ಓಡಿಸಿದರೂ ನನ್ನ ಪರದೆಯ ಮೇಲೆ ಒಂದು ಚುಕ್ಕೆ, ಓಡುತ್ತಿದ್ದರೆ ಹಸಿರು, ಸುಮ್ಮನಿದ್ದರೆ ಬೂದು, ಬೂದು ಬಣ್ಣದಲ್ಲೇ ತುಂಬ ಹೊತ್ತು ಕೂತರೆ ಯಂತ್ರವೇ ಅದನ್ನು ಮುಚ್ಚಿಬಿಡುತ್ತದೆ. ನೋಡುವುದೇ ನನ್ನ ಕೆಲಸ, ಸಂಬಳ ಕೊಟ್ಟು ನೋಡಿಸುತ್ತಾರೆ, ಅವಳಿಗೆ ಮಾತ್ರ ಅದು ಬೇಡ. ಗಂಡ ಬಿಟ್ಟು ಹೋದ ಮೇಲೆ ಆ ಒಂಟಿ ಕೋಣೆಗೆ ಸಾಮಾನು ಸಾಗಿಸಿದ ದಿನ, ನಾನು ಕಿಟಕಿಯ ಪರದೆಗೆ ಕೊಂಡಿ ಹಾಕುತ್ತಾ ಸ್ಟೂಲಿನ ಮೇಲೆ ನಿಂತಿದ್ದೇನೆ, ಅವಳು ಕೆಳಗೆ ನಿಂತು ಸ್ಟೂಲು ಹಿಡಿದುಕೊಂಡೇ ಹೇಳುತ್ತಾಳೆ, ಅಕ್ಕಾ, ಬೆಳಿಗ್ಗೆ ಸಂಜೆ ತಿಂದ್ಯಾ ಮಲಗಿದ್ಯಾ ಅಂತ ಕೇಳ್ತಾ ಇದ್ರೆ ನಾನು ರೋಗಿನೇ ಆಗ್ಬಿಡ್ತೀನಿ, ಸ್ವಲ್ಪ ದಿನ ಬಿಟ್ಬಿಡು ನನ್ನ, ಫೋನೂ ಬೇಡ, ನಾನೇ ಮಾಡ್ತೀನಿ. ಆಯ್ತು ಕಣೇ ಅಂದೆ, ಮಾತು ಕೊಟ್ಟೆ, ಕೊಂಡಿ ಕೈಯಿಂದ ಜಾರಿ ಬಿತ್ತು. ಅವಳು ಇನ್ನೂ ಫೋನ್ ಮಾಡಿಲ್ಲ. ಆದರೆ ಚುಕ್ಕೆಯನ್ನು ನೋಡಬೇಡ ಅಂತ ಅವಳೇನೂ ಹೇಳಲಿಲ್ಲವಲ್ಲ, ಅದು ನನ್ನ ನೌಕರಿ.

ಮೇಡಂ, ಮೂರನೇದು ಮೆಮೊರಿ ಸೋರ್ತಿದೆ, ಊಟಕ್ಕೆ ಮುಂಚೆ ರೀಸ್ಟಾರ್ಟ್ ಮಾಡ್ಬೇಕು, ಎಲ್ಲರನ್ನೂ ಇಳಿಸಿಬಿಡಿ — ಗಡ್ಡ, ಪಕ್ಕದ ಮೇಜಿನ ಗಡ್ಡ, ಬಾಯಲ್ಲಿ ಪೆನ್ನಿನ ಮುಚ್ಚಳ ಕಚ್ಚಿಕೊಂಡು ನನ್ನ ಪರದೆಗೆ ಬಗ್ಗಿದ್ದಾನೆ. ಇಳಿಸುತ್ತೇನೆ, ಮೊದಲು ಎಲ್ಲರಿಗೂ ಸೂಚನೆ ಹೋಗಬೇಕು, ನಿಮ್ಮ ಕೆಲಸ ಉಳಿಸಿಕೊಳ್ಳಿ, ಸರ್ವರ್ ಸ್ವಲ್ಪ ಹೊತ್ತು ನಿಲ್ಲುತ್ತದೆ — ಇವರ್ಯಾರು ಮೇಡಂ, ಹಸಿರು ಹಚ್ಕೊಂಡು ಸೊನ್ನೆ ಕೆಲಸ, ಕಳ್ಳಾಟ! ಅವನ ಬೆರಳು ಎಲ್ಲಿದೆ, ತಂಗಿಯ ಸಾಲಿನ ಮೇಲಿದೆ, ಅವಳು ನನ್ನ ತಂಗಿ ಅಂತ ಅವನಿಗೆ ಗೊತ್ತಿಲ್ಲ. ಪ್ರೊಸೆಸರ್ ಸೊನ್ನೆ. ಮೆಮೊರಿ ಇದ್ದೂ ಇಲ್ಲದಷ್ಟು. ಈ ಆಟ ನನಗೆ ಗೊತ್ತಿಲ್ಲವೇ, ಹುಡುಗರು ಸೆಷನ್ ಮುಚ್ಚಿಹೋಗದಿರಲಿ ಅಂತ ಒಂದು ಪುಟ್ಟ ಪ್ರೋಗ್ರಾಂ ಬಿಟ್ಟುಹೋಗುತ್ತಾರೆ, ಮಲಗುತ್ತದೆ, ಏಳುತ್ತದೆ, ಮತ್ತೆ ಮಲಗುತ್ತದೆ, ಬೇರೇನೂ ಮಾಡುವುದಿಲ್ಲ, ಎಷ್ಟು ಜನರನ್ನು ಹಿಡಿದು ಬೈದಿಲ್ಲ ನಾನು. ಹಳೆಯ ಗ್ರಾಫ್ ತೆಗೆದೆ. ಒಂದು ವಾರ ಚಪ್ಪಟೆ, ಅದರ ಹಿಂದಿನ ವಾರವೂ ಚಪ್ಪಟೆ, ಅದರ ಹಿಂದೆಯೂ. ಮೆಮೊರಿ ಜಾಸ್ತಿ ತಿನ್ನುವವರ ಮೇಲೇ ನಮ್ಮ ಕಣ್ಣು, ಏನೂ ತಿನ್ನದವರ ಕಡೆ ಯಾರು ನೋಡುತ್ತಾರೆ, ಹಸಿರು ಕಂಡ ಕೂಡಲೇ ಕಾಫಿ ಲೋಟ ಎತ್ತಿದೆನಲ್ಲ, ದಿನಾ ಎತ್ತಿದೆನಲ್ಲ, ದಡ್ಡಿ, ಹೂಳೂ ಇಲ್ಲ ನದಿಯೂ ಇಲ್ಲ, ಖಾಲಿ ಕುರ್ಚಿಯ ಮುಂದೆ ಒಂದು ದೀಪ ಉರಿಯುತ್ತಿತ್ತೇ ಇಷ್ಟು ದಿನ?

ಫೋನ್ ಕೈಯಲ್ಲಿದೆ. ಮಾತು ಕೊಟ್ಟಿದ್ದೇನೆ. ಮಾತು ಹಾಳಾಗಲಿ, ಅವಳಿಗೆ ಏನಾದರೂ ಆಗಿದ್ದರೆ? ಚಿಕ್ಕವಳಿದ್ದಾಗ ಉಬ್ಬಸ ಅವಳಿಗೆ, ಒಂದೇ ಕೋಣೆಯಲ್ಲಿ ಎರಡು ಮಂಚ, ನಾನು ಎದ್ದೆದ್ದು ಹೋಗಿ ಅವಳ ಮುಖದ ಹತ್ತಿರ ಕಿವಿ ಇಡುತ್ತಿದ್ದೆ, ಉಸಿರು ಬರುತ್ತಿದೆಯೋ ಇಲ್ಲವೋ, ನಿನ್ನ ಕೂದಲು ಮೂಗಿಗೆ ತಾಗ್ತಿದೆ ಹೋಗೇ ಅತ್ಲಾಗೆ, ಆಮೇಲೆ ಅವಳೇ ಒಂದು ದಾರಿ ಕಂಡುಕೊಂಡಳು, ಕತ್ತಿನವರೆಗೆ ಹೊದ್ದು ಗೋಡೆಗೆ ಮುಖ ಮಾಡಿ ಮಲಗಿ, ನಾನು ಮಗ್ಗುಲು ಬದಲಿಸಿದ ಸದ್ದಾದರೆ ಸಾಕು, ಹೊದಿಕೆಯ ತುದಿಯಿಂದ ಕಾಲಿನ ಹೆಬ್ಬೆರಳು ಹೊರಗೆ, ಬಾಗಿಲಿಗೆ ಸಿಕ್ಕಿ ಉಗುರು ಕಪ್ಪಾದ ಹೆಬ್ಬೆರಳು, ಕುಣಿಸುವುದು, ಬದುಕಿದ್ದೀನಿ, ಮಲಕ್ಕೋ. ಅಮ್ಮ ನಗುತ್ತಿದ್ದಳು, ಅಕ್ಕ ತಂಗಿ ಇಬ್ಬರದೂ ವಿಚಿತ್ರ ಕಾಯಿಲೆ. ಮೇಡಂ, ಇಳಿಸಿದ್ರಾ? ಇಳಿಸ್ತಿದೀನಪ್ಪಾ, ಸ್ವಲ್ಪ ತಾಳು. ಸೂಚನೆ ಕಳಿಸುವಾಗ ಅವಳಿಗೊಬ್ಬಳಿಗೇ ಕೆಳಗೆ ಇನ್ನೊಂದು ಸಾಲು ಬರೆದೆ, ತಿಂದ್ಯಾ ಅಂತ, ಅಳಿಸಿದೆ, ಹೇಗಿದ್ದೀಯ ಅಂತ, ಅದನ್ನೂ ಅಳಿಸಿದೆ, ಎಲ್ಲರಿಗೂ ಹೋದದ್ದೇ ಅವಳಿಗೂ ಹೋಯಿತು.

ಒಂದೊಂದೇ ಮುಚ್ಚುತ್ತೇನೆ, ಕೊನೆಯಲ್ಲಿ ಅವಳದು. ಇದನ್ನು ಆರಿಸಿದರೆ ನನಗೆ ಉಳಿಯುವುದೇನು — ಉಳಿಯುವುದೂ ಸುಳ್ಳು ಹಸಿರೇ ತಾನೇ, ಆರಲಿ, ಸರ್ವರ್ ಎದ್ದರೂ ನೋಟ್‌ಬುಕ್ ತಾನಾಗಿ ಏಳುವುದಿಲ್ಲ, ಯಾರಾದರೂ ಕೂತು ಪಾಸ್‌ವರ್ಡ್ ಹೊಡೆದು ಮತ್ತೆ ಓಡಿಸಬೇಕು, ಬೆರಳಿರುವ ಯಾರಾದರೂ, ಬರದಿದ್ದರೆ ಚಪ್ಪಲಿ ಮೆಟ್ಟಿ ನೇರ ಅವಳ ಕೋಣೆಗೆ, ಬೈದರೆ ಬೈಯಲಿ, ದಿಂಬು ಎಸೆಯಲಿ — ಒತ್ತಿದೆ. ಆರಿತು. ಮೂರನೇ ಸರ್ವರಿನ ಪುಟ ಖಾಲಿ, ಫ್ಯಾನು ತಿರುಗುತ್ತಿದೆ, ಗಡ್ಡ ಊಟದ ಡಬ್ಬಿ ಬಿಚ್ಚುತ್ತಿದ್ದಾನೆ, ಬನ್ನಿ ಮೇಡಂ, ಎದ್ದಾಯ್ತು ಸರ್ವರ್ರು, ನೀನು ತಿನ್ನಪ್ಪಾ, ಬಂದೆ. ಪುಟಕ್ಕೆ ಹವಾಮಾನದವರೊಬ್ಬರು ಬಂದರು, ಬೂದು. ಇನ್ಯಾರೋ ಇಬ್ಬರು. ಚಪ್ಪಲಿಯೊಳಗೆ ಕಾಲು ತೂರಿಸಿದ್ದೇನೆ, ಫೋನ್ ಚೀಲಕ್ಕೆ ಹಾಕಿದ್ದೇನೆ, ಕುರ್ಚಿ ಹಿಂದಕ್ಕೆ ತಳ್ಳಿದ್ದೇನೆ, ಆಗ ಕೆಳಗಿನಿಂದ ಒಂದು ಸಾಲು ಮೂಡಿತು, ಅವಳ ಸಾಲು, ಮೊದಲು ಬೂದು, ನಿಂತೇ ನೋಡುತ್ತಿದ್ದೇನೆ, ಆಮೇಲೆ ಹಸಿರು. ಪ್ರೊಸೆಸರ್ ಸೊನ್ನೆ. ಮೆಮೊರಿ ಇದ್ದೂ ಇಲ್ಲದಷ್ಟು. ಲೆಕ್ಕವಿಲ್ಲ, ಹೂಳಿಲ್ಲ, ಕೆಲಸಕ್ಕೆ ಅಲ್ಲವೇ ಅಲ್ಲ, ಹಾಗಾದರೆ ಯಾರಿಗೆ — ನಾನು ನೋಡುತ್ತೇನೆ ಅಂತ ಗೊತ್ತಿತ್ತು ಅವಳಿಗೆ, ಮೊದಲ ದಿನದಿಂದ ಗೊತ್ತಿತ್ತು, ಕೆಲಸ ಮಾಡಲಾಗದ ದಿನಗಳಲ್ಲೂ, ಗೋಡೆಗೆ ಮುಖ ಮಾಡಿ ಮಲಗಿದ ದಿನಗಳಲ್ಲೂ — ಕಣ್ಣು ಮಂಜಾಗಿದೆ, ಅಳಬಾರದು, ಗಡ್ಡ ನೋಡುತ್ತಾನೆ — ಕೂತೆ, ಚಪ್ಪಲಿ ಕಾಲಲ್ಲೇ ಇದೆ, ನೋಡಿದೆ ಕಣೇ, ನೋಡಿದೆ, ಹೊದಿಕೆಯ ತುದಿ, ಕಪ್ಪು ಉಗುರು, ಹೆಬ್ಬೆರಳು, ಕುಣಿಯುತ್ತಿದೆ, ಹೆಬ್ಬೆರಳು