ಆರನೆಯ ಜಾಗಟೆ

ನಮ್ಮ ಇಗೊರೋಟ್ ಬೆಟ್ಟಸೀಮೆಯಲ್ಲಿ ಎರಡು ಕಣಿವೆಗಳು ಹಗೆ ಬಿಟ್ಟು ರಾಜಿಯಾದರೆ ಅದನ್ನು ಕಾಯಲು, ಆಚೆಯಿಂದ ಬಂದವರ ಹೊಣೆ ಹೊರಲು ಒಂದು ಮನೆ ಇರುತ್ತದೆ. ನಮ್ಮೂರಲ್ಲಿ ಅದು ನಮ್ಮ ಮನೆ, ಕಾಯುವವಳು ನನ್ನ ಅವ್ವ ಇಪ್ಪಗ್. ಹಾಗಾಗಿ ನಮ್ಮೊಡನೆ ರಾಜಿಯಾದ ಬೆಟ್ಟದಾಚೆಯ ಕಣಿವೆಯಿಂದ ಫಕಾಯ ಎಂಬ ಟೀಚರು ನಮ್ಮ ಜಾಗಟೆಗಳ ಹೆಸರು, ಪೆಟ್ಟು ಬರೆದುಕೊಳ್ಳಲು ಬಂದಾಗ ನಮ್ಮಲ್ಲೇ ಇಳಿದಳು.

ಸೋದರಮಾವ ಲುಂಬಾಯನಿಗೆ ಇದು ಹಿಡಿಸಲಿಲ್ಲ. ಅವನ ಅಜ್ಜನ ತಲೆ ಹೋದದ್ದು ಆ ಕಣಿವೆಯವರ ಕೈಯಲ್ಲಿ.

ನಮ್ಮ ಮನೆಯ ಆರು ಜಾಗಟೆಗಳಲ್ಲಿ ಮೊದಲನೆಯದು ಬಲ್ಬಲ್. ಫಕಾಯಳ ನುಡಿಯಲ್ಲಿ ಅದು ಫಲ್ಫಲ್. ನಾವು ನಕ್ಕರೆ ಅವಳೂ ನಗುತ್ತಿದ್ದಳು. ಮಾವ ನಗಲಿಲ್ಲ.

"ಹೆಸರು ಬರ್ಕೊಳ್ಲಿ, ಬೇಡ ಅನ್ನಲ್ಲ. ಎಲ್ಲಿಡ್ತೀರಿ ಅಂತ ಯಾಕೆ ಕೇಳ್ಬೇಕು?" ಎಂದ ನನ್ನ ಬಳಿ.

"ಯಾವಾಗ ಕೇಳಿದ್ಲು ಮಾವ?"

"ಬಾಯಲ್ಲಿ ಕೇಳ್ಲಿಲ್ಲ. ಕಣ್ಣಲ್ಲಿ ಕೇಳಿದ್ಲು."

ಅಂದಿನಿಂದ ನನ್ನ ಕಣ್ಣೂ ಕೆಟ್ಟಿತು. ಅವಳು ಜಾಗಟೆಗಳಿದ್ದ ಅಟ್ಟದತ್ತ ನೋಡಿದರೆ ಅನುಮಾನ, ಚೀಲದ ಬಾಯಿ ಕಟ್ಟಿದರೆ ಅನುಮಾನ.

ಅವಳು ಹೊರಡುವ ಬೆಳಿಗ್ಗೆ ಅಟ್ಟದಲ್ಲಿ ಐದೇ ಜಾಗಟೆ. ಎಲ್ಲಕ್ಕಿಂತ ಚಿಕ್ಕದಾದ ಆರನೆಯದು, ಉಳಿದವುಗಳ ದನಿಯ ಮೇಲೆ ಚಿಮ್ಮಿ ಕುಣಿಯುವ ಅನುಂಗೋಸ್, ಇಲ್ಲ. ಅಂಗಳದಲ್ಲಿ ಜನ ಸೇರಿದರು. ಅವ್ವ ಬೇಡವೆಂದರೂ "ಚೀಲ ಬಿಚ್ಚಿ ತೋರ್ಸಿ" ಎಂದವಳು ನಾನೇ.

ಫಕಾಯ ಒಂದೊಂದಾಗಿ ಹೊರಗಿಟ್ಟಳು: ಪುಸ್ತಕ, ಹೊದಿಕೆ, ಅವ್ವ ಕೊಟ್ಟ ಕಾಫಿ ಬೀಜ, ಒಳಬಟ್ಟೆ. ಕೊನೆಗೆ ಬರಿದಾದ ಚೀಲವನ್ನು ಕೊಡವಿದಳು. ಮಾವ ನೆಲ ನೋಡುತ್ತಿದ್ದ. ಅವ್ವ ಅದನ್ನು ಗಮನಿಸಿದಳು.

"ಅಣ್ಣಾ, ಎಲ್ಲಿಟ್ಟಿದೀಯ?"

"ಭತ್ತದ ಕಣಜದಲ್ಲಿ. ಕದ್ದಾಳು ಅಂತ ಮೊದ್ಲೇ ತೆಗೆದಿಟ್ಟೆ."

"ಅವಳ ಬಟ್ಟೆ ಅಂಗಳಕ್ಕೆ ಬೀಳೋವಾಗ ನಿನ್ ಬಾಯಿಗೆ ಏನಾಗಿತ್ತು?"

"ಅವಳು ಹೋದ್ಮೇಲೆ ಹೇಳೋಣ ಅಂತಿದ್ದೆ."

ರಾಜಿಯ ಕಟ್ಟಳೆಯಂತೆ ತಪ್ಪು ನಮ್ಮದು, ದಂಡವಾಗಿ ಹಂದಿ ಕೊಡಬೇಕು. ಅವ್ವ ತನ್ನ ಹಂದಿಯನ್ನು ಕೊಡಲಿಲ್ಲ. "ನಿನ್ನ ಹಂದಿ, ನೀನೇ ಹೊಡ್ಕೊಂಡು ಹೋಗು" ಎಂದಳು ಮಾವನಿಗೆ. ನನ್ನನ್ನೂ ಜೊತೆಗೆ ಕಳಿಸಿದಳು.

ಫಕಾಯ ಮುಂದೆ, ನಾವು ಹಿಂದೆ. ಮಾವ ಹುಟ್ಟಿದಂದಿನಿಂದ ಆ ಕಣಿವೆಗೆ ಕಾಲಿಟ್ಟವನಲ್ಲ. ದಾರಿಯುದ್ದಕ್ಕೂ ಪೊದೆ ಅಲುಗಿದರೆ ಅವನ ಕೈ ಕತ್ತಿಯ ಹಿಡಿಗೆ ಹೋಗುತ್ತಿತ್ತು.

ಅವಳ ಅಪ್ಪ ಹಂದಿಯನ್ನು ಕೊಯ್ದು, ಬೇಯಿಸಿ, ಮೊದಲ ತುಂಡನ್ನು ಮಾವನಿಗೇ ಕೊಟ್ಟ. ಮಾವ ಅದನ್ನು ಮೂಸಿ, ಕೈಯಲ್ಲೇ ಹಿಡಿದು ಕುಳಿತ. ಫಕಾಯ ಬಂದು ಆ ತುಂಡಿನಿಂದಲೇ ಒಂದು ಚೂರು ಕಿತ್ತು ತಿಂದಳು.

"ನಿಮ್ಮ ಹಂದೀನೇ, ಮಾವ. ತಿನ್ನಿ."

ಮಾವ ತಿಂದ. ಇನ್ನೊಂದು ತುಂಡು ಕೇಳಿಯೂ ತಿಂದ.

ನನ್ನೊಡನೆ ಮಾತ್ರ ಅವಳು ಆ ದಿನ ಒಂದು ಮಾತೂ ಆಡಲಿಲ್ಲ.