ಉಪ್ಪಿಲ್ಲದ ಗಂಗಾಳ

ನೊರೆ ಗಡಿಗೆಯ ಬಾಯಿ ದಾಟಿ ಒಲೆಗೆ ಬಿದ್ದು ಚುರ್ರೆಂದಿತು, ಕಡಲೆಬೇಳೆ ಇನ್ನೊಂದು ಕುದಿ ಬಂದರೆ ಸಾಕು, ಬೆರಳಲ್ಲಿ ಹಿಸುಕಿದರೆ ಹಿಟ್ಟಾಗಬೇಕು, ಬಸಿದ ಕಟ್ಟು ಚೆಲ್ಲಬಾರದು, ಸಾರಿಗೆ ಬೇಕು, ಬೆಲ್ಲ ಎಲ್ಲಿಟ್ಟೆ — ಇಲ್ಲೇ ಇದೆ, ಇರುವೆ ಹತ್ತಿವೆ, ಹತ್ತಲಿ, ಅವಕ್ಕೂ ಇವತ್ತು ಹಬ್ಬ. ರಾಮದುರ್ಗದವರು ರಾತ್ರಿ ಬೈಲಹೊಂಗಲದಲ್ಲಿ ತಂಗಿ ಬೆಳಿಗ್ಗೆ ಗಾಡಿ ಕಟ್ಟುತ್ತಾರಂತೆ, ಅಂದರೆ ಇನ್ನೇನು ಸಂಗೊಳ್ಳಿಗೆ ಬಂದೇಬಿಟ್ಟರು, ನಮ್ಮ ಮನೆ ನೋಡಲು ಬರುತ್ತಿದ್ದಾರೆ, ಹುಡುಗಿಯ ಅಪ್ಪ, ಅವ್ವ, ಸೋದರಮಾವ, ಮೂವರು, ಮನಸ್ಸಿಗೆ ಬಂದರೆ ಇವತ್ತೇ ಸಕ್ಕರೆ ಹಂಚಿ ಹೋಗುತ್ತಾರೆ. ಹುಡುಗಿ ಲಗಮವ್ವ, ಹೋದ ತಿಂಗಳು ನೋಡಿ ಬಂದೆವಲ್ಲ, ನೀರಿನ ತಂಬಿಗೆ ಇಡುವಾಗ ನನ್ನ ಬಾಳುವಿನ ಕಡೆ ಒಂದೇ ಸಲ ನೋಡಿದಳು, ಇವನು ಆ ನೀರು ಪೂರಾ ಕುಡಿದು ಇನ್ನೊಂದು ತಂಬಿಗೆ ಕೇಳಿದ, ಆಮೇಲೆ ಮತ್ತೊಂದು, ಬಿಸಿಲಿಗೆ ಬಾಯಾರಿತ್ತಂತೆ, ಮೋಡ ಕವಿದಿದ್ದ ದಿನ! ಅಂದಿನಿಂದ ಎತ್ತಿನ ಮೈ ತೊಳೆಯುವಾಗಲೂ ಹಾಡುತ್ತಾನೆ, ದನಿ ಅವರಪ್ಪನದು, ಎತ್ತು ಕಿವಿ ಆಡಿಸಿ ಸಹಿಸಿಕೊಳ್ಳುತ್ತದೆ. ಈಗಲೂ ಹಾಡುತ್ತಿದ್ದಾನೆ, ಹಿತ್ತಲಿನಿಂದ ಕೇಳುತ್ತಿದೆ, ಹಾಡಲಿ, ಎರಡು ವರ್ಷ ಈ ಮನೆಯಲ್ಲಿ ಅವನ ದನಿಯೇ ಇರಲಿಲ್ಲ. ಒಂದೇ ಒಂದು ಮಾತು ಬರುವವರ ಕಿವಿಗೆ ಬೀಳಬಾರದು, ನನ್ನ ಮಗ ಅಫೀಮು ತಿನ್ನುತ್ತಿದ್ದ ಎಂಬ ಮಾತು. ತಿನ್ನುತ್ತಿದ್ದ, ಈಗಿಲ್ಲ, ಬಿಟ್ಟು ಹದಿನಾಲ್ಕು ತಿಂಗಳಾಯಿತು, ಪ್ಲೇಗಿಗೆ ಹೆದರಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ್ದೆವಲ್ಲ, ಆ ವರ್ಷ ಗಾಡಿಯ ಗಾಲಿ ಅವನ ಕಾಲ ಮೇಲೆ ಹಾಯಿತು, ನೋವಿಗೆ ಯಾರೋ ಸಾಸಿವೆಯಷ್ಟು ಕೊಟ್ಟರು, ಕಾಲು ಕೂಡಿಕೊಂಡಿತು, ಸಾಸಿವೆ ಮಾತ್ರ ಕಡಲೆಯಾಯಿತು, ಕಡಲೆ ಗಜ್ಜುಗವಾಯಿತು, ಮಗ ಗೋಡೆಗೆ ಒರಗಿ ಕೂತರೆ ಗೋಡೆಯ ಹಾಗೇ ಇರುತ್ತಿದ್ದ, ಕರೆದರೆ ಬಾವಿಯೊಳಗಿಂದ ಓಗೊಟ್ಟಂತೆ. ಹೇಳಿಬಿಡೂಣು ಯವ್ವಾ ಅವರಿಗೆ, ಅಂದ ಮೊನ್ನೆ, ನಾನೇ ಬಾಯಿ ಮುಚ್ಚಿಸಿದೆ, ಲಗ್ನ ಆಗ್ಲಿ, ಆಮ್ಯಾಲ ನಿನ್ನ ಹೇಣ್ತಿಗೆ ಹೇಳುವಂತಿ. ಅವನು ಬೆಲ್ಲದ ಹೆಂಟೆ ಬಾಯಿಗೆ ಹಾಕಿಕೊಂಡು ಹೋದ — ಇರುವೆ ನೋಡಿ ತಿನ್ನೋ ಅಂದೆ, ಅವೂ ಸಿಹೀನ ಅದಾವ ಅಂದ.

ಗೆಜ್ಜೆ ಸದ್ದು, ಗಾಡಿ ಬಂತು, ಸೆರಗು ಎಲ್ಲಿ, ಕೈಯೆಲ್ಲ ಹಿಟ್ಟು, ಬಾಗಿಲ ಸಂದಿಯಿಂದ ನೋಡಿದರೆ ಮೊದಲು ಇಳಿದವಳು ಹುಡುಗಿಯ ಅವ್ವ ಕರೆವ್ವ, ಇಳಿಯುತ್ತಲೇ ನಮ್ಮ ಗೋಡೆಯ ಬಿರುಕು ನೋಡಿದಳು, ಹಿಂದೆ ಅವಳ ಗಂಡ ಶಂಕ್ರೆಪ್ಪ, ಬಂಡೆಗಲ್ಲಿನಂಥ ಆಳು, ಹೋದ ತಿಂಗಳು ಒಂದು ಹಗಲಿಗೆ ನಾಲ್ಕು ಮಾತಾಡಿದ್ದ, ಅದರಲ್ಲಿ ಮೂರು ಎತ್ತಿನ ಜೊತೆ. ಆಮೇಲೆ ಸೋದರಮಾವ, ಬಿಳಿ ರುಮಾಲು, ಮೊಣಕಾಲಿಗೆ ಕೈಯೂರಿ ಇಳಿಯುವ ಆ ರೀತಿ, ಆ ಮೀಸೆ — ಯವ್ವಾ ಕಾಳಿಕಾ, ಇವರು ಜಟ್ಟೆಪ್ಪ, ಅಫೀಮು ಬಿಡಿಸುವ ಸಿರಸಂಗಿಯ ಜಟ್ಟೆಪ್ಪ, ಇವರ ಜಗಲಿಯ ಮೇಲೆ ನಲವತ್ತು ದಿನ ನನ್ನ ಮಗ ಬೆವರಿ, ನಡುಗಿ, ವಾಂತಿ ಮಾಡಿಕೊಂಡು, ನನ್ನ ಸೆರಗು ಕಚ್ಚಿ ಅತ್ತು, ಕಡೆಗೆ ಒಂದು ಬೆಳಿಗ್ಗೆ ಹಸಿವಾಗೈತಿ ಅಂದಿದ್ದ. ಊರಿಗೆಲ್ಲ ಹೇಳಿದ್ದು ಕಾಳಿಕಾದೇವಿಗೆ ಹರಕೆ ತೀರಿಸಲು ಹೋಗುತ್ತೇವೆ ಎಂದು, ಸುಳ್ಳೂ ಅಲ್ಲ, ಹರಕೆ ಹೊತ್ತಿದ್ದೆ. ಬಾಗಿಲಲ್ಲೇ ಜಟ್ಟೆಪ್ಪ ಕೈ ಅಡ್ಡ ಹಿಡಿದಿದ್ದರು, ಹೆಸರ ಹೇಳಬ್ಯಾಡ್ರಿ, ಊರ ಹೇಳಬ್ಯಾಡ್ರಿ, ಚೀಲದಾಗ ಏನ ಕಾಳ ತಂದೀರಿ? ಕುಸುಬಿ ಅಂದೆ. ಹಂಗಾರ ಈ ಹುಡುಗ ಕುಸುಬಿ, ನೀವು ಕುಸುಬೀಯವ್ವ, ನಾಳಿ ಸಂತ್ಯಾಗ ಎದರ ಬಂದ್ರ ನೀವ್ಯಾರೋ ನಾ ಯಾರೋ, ನಾನೂ ಮಾತಾಡ್ಸೂದಿಲ್ಲ, ನೀವೂ ಮಾತಾಡಸಬ್ಯಾಡ್ರಿ, ಆಣಿ. ಆಣೆ ಹಾಕಿ ಒಳಗೆ ಹೋದೆವು. ಅಲ್ಲಿ ಒಬ್ಬ ಹುರಳಿ ಇದ್ದ, ಒಬ್ಬ ಸಜ್ಜೆ, ಮುದುಕ ಅಗಸೆ, ದಿನದಿನಕ್ಕೆ ಅಫೀಮು ಇಳಿಸುತ್ತ ಕಟ್ಟಿದ ಗುಳಿಗೆ, ಎಲ್ಲರ ಗುಳಿಗೆಯ ಕುಡಿಕೆಗೂ ಹಸಿ ಮಣ್ಣಿನ ಮುಚ್ಚಳ, ಮಣ್ಣಲ್ಲಿ ಒತ್ತಿದ ಒಂದೊಂದು ಕಾಳು, ಅಷ್ಟೇ ಗುರುತು. ಹುರಳಿ ಯಾವ ಊರಿನವನೋ, ಯಾರ ಮಗನೋ, ನನಗೆ ಇವತ್ತಿಗೂ ಗೊತ್ತಿಲ್ಲ, ಅವನಿಗೆ ರೊಟ್ಟಿ ಬಡಿದು ಹಾಕಿದ್ದು ಮಾತ್ರ ನಾನೇ. ಒಂದು ಸಲ ಜಟ್ಟೆಪ್ಪನ ಮುಂದೆ ಅತ್ತಿದ್ದೆ, ಕೂಸಿದ್ದಾಗ ಇಂವ ಮಲಗಲಿ ಅಂತ ನಾನ ಒಂದ ಚೂರ ಅಪೀಮು ನೆಕ್ಕಸ್ತಿದ್ನ್ರಿ, ಕಸ ತಗ್ಯಾಕ ಹೊಲಕ್ಕ ಹೋಗಬೇಕಿತ್ತು, ನನ್ನಿಂದನ ಆತೇನ್ರಿ ಇದು? ಅವರು ನಕ್ಕಿದ್ದರು, ಹಂಗಂದ್ರ ಈ ಸೀಮಿ ಗಂಡಸ್ರೆಲ್ಲಾ ಬಂದು ನನ್ನ ಜಗಲಿ ಮ್ಯಾಲ ಕುಂದರಬೇಕಾಗಿತ್ತವ್ವಾ, ಜಗಲಿ ಸಾಲೂದಿಲ್ಲ, ಅಳಬ್ಯಾಡ. ಆ ರಾತ್ರಿ ಎಂಥ ನಿದ್ದೆ ಬಂತು ನನಗೆ. ಈಗ ಅದೇ ಜಟ್ಟೆಪ್ಪ ನಮ್ಮ ಅಂಗಳದಲ್ಲಿ ಕಾಲು ತೊಳೆಯುತ್ತಿದ್ದಾರೆ, ಬಾಳು ನೀರು ಹಾಕುತ್ತಿದ್ದಾನೆ, ಅವನ ಕೈಯ ತಂಬಿಗೆ ಒಂದು ಕ್ಷಣ ನಿಂತಿತು, ಜಟ್ಟೆಪ್ಪನ ಕಣ್ಣು ಮೇಲೆದ್ದಿತು, ಇಳಿಯಿತು — ತಮ್ಮಾ, ಇನ್ನಷ್ಟ ನೀರ ಹಾಕ, ನಿನ್ನ ಹೆಸರೇನಪಾ? ಬಾಳಪ್ಪ್ರಿ. ಚಲೋ ಹೆಸರು. ಅಷ್ಟೇ! ಮೊದಲ ಸಲ ನೋಡಿದವರ ಹಾಗೆ! ನನ್ನ ಎದೆಯೊಳಗಿನ ಕಲ್ಲು ಕರಗಿ ನೀರಾಗಿ ಕಣ್ಣಿಗೆ ಬಂತು, ಹೊಗೆಗೆ ಅಂದುಕೊಂಡೆ. ಆದರೆ ಲಗಮವ್ವ ಅವರ ಸ್ವಂತ ತಂಗಿಯ ಮಗಳಲ್ಲವೇ, ದಾರಿಯಲ್ಲಿ, ಗಾಡಿಯಲ್ಲಿ, ತಂಗಿ ಕೇಳಿದರೆ ಹೇಳದೆ ಇರುತ್ತಾರೆಯೇ, ನಾನಾದರೆ ಇರುತ್ತಿದ್ದೆನೇ — ಬದನೆಕಾಯಿ! ತಳ ಹತ್ತುತ್ತಿದೆ, ಉಪ್ಪು ಇನ್ನೂ ಹಾಕಿಲ್ಲ.

ಗಂಡಸರು ಊಟಕ್ಕೆ ಕೂತರು, ನಮ್ಮವರು, ಶಂಕ್ರೆಪ್ಪ, ಜಟ್ಟೆಪ್ಪ, ಕೊನೆಗೆ ಬಾಳು, ಕರೆವ್ವ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ನಾನು ಬಡಿಸುವುದನ್ನು ನೋಡುತ್ತಿದ್ದಾಳೆ, ಹೋಳಿಗೆ ಎಷ್ಟು ತೆಳ್ಳಗಿದೆ, ತುಪ್ಪ ಎಷ್ಟು ಬೀಳುತ್ತದೆ, ಎಲ್ಲ ನೋಡುತ್ತಾಳೆ, ನೋಡಲಿ, ಹೋಳಿಗೆಯಲ್ಲಿ ನಾನು ಯಾರಿಗೂ ಸೋತವಳಲ್ಲ. ಮೊದಲು ಉಪ್ಪು, ನಮ್ಮವರ ಗಂಗಾಳಕ್ಕೆ ಒಂದು ಚಿಟಿಕೆ, ಶಂಕ್ರೆಪ್ಪನ ಗಂಗಾಳಕ್ಕೆ ಒಂದು, ಬಾಳುವಿಗೆ ಒಂದು, ರೊಟ್ಟಿ, ಪಲ್ಯ, ಜಟ್ಟೆಪ್ಪನಿಗೆ ಚಿಕ್ಕ ಬಟ್ಟಲಲ್ಲಿ ತೆಗೆದಿಟ್ಟ ಪಲ್ಯ, ಮಜ್ಜಿಗೆ — ಬೀಗರ, ಒಂದ ಮಾತ ಕೇಳ್ಲೇನ್ರಿ, ಅಂದಳು ಕರೆವ್ವ. ಕೇಳ್ರೀ ಯಕ್ಕಾ. ನಮ್ಮಣ್ಣಗ ಉಪ್ಪ ಯಾಕ ಹಾಕ್ಲಿಲ್ರಿ? ಪಲ್ಲೆ ಬ್ಯಾರೆ ತಗದಿಟ್ಟೀರಿ. ನಮ್ಮಣ್ಣ ಉಪ್ಪ ಬಿಟ್ಟಾನಂತ ನಿಮಗ ಯಾರ ಹೇಳಿದ್ರು? ನನ್ನ ಕೈಯಲ್ಲಿ ಉಪ್ಪಿನ ಮರಿಗೆ, ಕೈ ಅಲ್ಲೇ ನಿಂತಿದೆ, ಅಯ್ಯೋ ಕೈಯೇ, ಏನು ಮಾಡಿದೆ ನೀನು, ನಾಲಿಗೆಗೆ ಬೀಗ ಹಾಕಿದ್ದೆ, ನಿನಗೆ ಹಾಕುವುದು ಮರೆತೆ. ಮನೆಯಲ್ಲಿ ಅಫೀಮು ಬಿಡುವವರು ಇರುವವರೆಗೆ ಜಟ್ಟೆಪ್ಪ ಉಪ್ಪು ತಿನ್ನುವುದಿಲ್ಲ, ಅವರ ಬಾಯಿಂದ ಒಂದು ಕಸಗೊಳ್ಳಾಕತ್ತೇನಿ, ನನ್ನ ಬಾಯಿಂದ್ಲೂ ಒಂದ ಹೋಗ್ಲಿ ಅಂದಿದ್ದರು, ನಲವತ್ತು ದಿನ ಅವರ ಪಾಲನ್ನು ಉಪ್ಪು ಬೀಳುವ ಮುಂಚೆ ತೆಗೆದಿಟ್ಟ ಕೈ ಇದು, ಇವತ್ತೂ ತೆಗೆದಿಟ್ಟಿದೆ, ನನ್ನನ್ನು ಕೇಳಲೂ ಇಲ್ಲ. ಕರೆವ್ವನ ಹುಬ್ಬು ಮೇಲೇರಿತು, ಅಣ್ಣನ ಕೆಲಸ ಏನೆಂದು ತಂಗಿಗೆ ಗೊತ್ತಿಲ್ಲವೇ, ಅವನ ಮನ್ಯಾಗ ಉಂಡವರಿಗಷ್ಟ ಗೊತ್ತ ಅದು, ಅಂದಳು ಮೆಲ್ಲಗೆ. ಜಟ್ಟೆಪ್ಪ ರೊಟ್ಟಿ ಮುರಿಯುತ್ತ, ನನ್ನ ಮಾರೀನ ಸಪ್ಪಗೈತಿ ತಂಗಿ, ಅದನ್ನ ನೋಡಿ ತಿಳಕೊಂಡಿರಬೇಕು, ಉಣ್ಣಾಕ ಬಿಡ. ಯಾರೂ ನಗಲಿಲ್ಲ. ನಮ್ಮವರು ತಲೆ ತಗ್ಗಿಸಿ ಹೋಳಿಗೆಯನ್ನು ಚೂರು ಚೂರು ಮಾಡುತ್ತಿದ್ದಾರೆ, ಆಗ ಬಾಳು ಗಂಗಾಳ ಸರಿಸಿದ, ಬೇಡ ಮಗನೇ, ಲಗಮವ್ವನ ಮೂರು ತಂಬಿಗೆ ನೀರು ನೆನಪಿಸಿಕೋ — ಯವ್ವಂದೇನೂ ತಪ್ಪಿಲ್ರಿ ಅತ್ತಿ, ಅಂದ, ನಾ ಅಪೀಮು ತಿಂತಿದ್ನಿ, ಇವರ ಮನ್ಯಾಗ ನಲವತ್ತ ದಿನ ಇದ್ದು ಬಿಟ್ಟೇನಿ, ಅಲ್ಲಿ ನನ್ನ ಹೆಸರ ಕುಸುಬಿ ಅಂತಿತ್ತು, ಬಿಟ್ಟು ಹದಿನಾಲ್ಕ ತಿಂಗಳಾತು, ಮೊದಲ ಹೇಳಬೇಕಿತ್ತು, ಹೇಳಲಿಲ್ಲ. ಕರೆವ್ವ ಅಣ್ಣನ ಕಡೆ ತಿರುಗಿದಳು, ಯಣ್ಣಾ, ಖರೇನ? ಜಟ್ಟೆಪ್ಪ ತಲೆ ಎತ್ತಿ ನಮ್ಮ ಮನೆಯ ಜಂತಿ ನೋಡಿದರು, ನನಗೇನ ಗೊತ್ತ ತಂಗಿ, ಈ ಹುಡುಗನ್ನ ನಾ ಇವತ್ತ ನೋಡಾಕತ್ತೇನಿ. ಅಂವನ ಹೇಳಾಕತ್ತಾನಲ್ಲೋ! ಹೇಳ್ಲಿ, ಅಂವನ ಮಾತ ಅಂವಂದು, ನಾ ನೋಡಿಲ್ಲ. ಜಂತಿಯಲ್ಲಿ ಏನಿದೆ, ಗುಬ್ಬಿಯ ಗೂಡೂ ಇಲ್ಲ, ಬರೀ ಮಸಿ, ಅದನ್ನೇ ನೋಡುತ್ತಿದ್ದಾರೆ. ಆಗ ಬಂಡೆಗಲ್ಲು ಕೆಮ್ಮಿತು, ಶಂಕ್ರೆಪ್ಪ, ಬಾಳುವಿನ ಕಡೆ ಸ್ವಲ್ಪ ವಾಲಿ, ಕಡೀ ವಾರ ಗುಳಗಿ ಭಾಳ ಖಾರ ಹತ್ತಿತ್ತೇನೋ? ಬಾಳು ಕಣ್ಣರಳಿಸಿದ, ಹೌದ್ರಿ ಮಾವಾ, ನಾಲಿಗಿ ಸುಟ್ಟಿತ್ತು. ಅದರಾಗ ಅಪೀಮು ಇರೂದ ಇಲ್ಲ, ಬರೇ ಮೆಣಸು, ನಮಗ ಗೊತ್ತಾಗಬಾರದಂತ ಹಂಗ ಮಾಡ್ತಾರ, ಅಂದ ಶಂಕ್ರೆಪ್ಪ, ನನಗೂ ಸುಟ್ಟಿತ್ತು, ನಾ ಅಲಸಂದಿ. ಕರೆವ್ವನ ಬಾಯಿ ತೆರೆದದ್ದು ಮುಚ್ಚಲಿಲ್ಲ, ಆ ವರ್ಷ ನಮ್ಮಣ್ಣನ ರಾಶಿ ಮಾಡಾಕ ಹೋಗತೇನಂತ ಹೋಗಿದ್ರಿ ನೀವು! ಹೋಗಿದ್ನೆ. ಒಂದ ತಿಂಗಳ ಮ್ಯಾಲ ರಾಶಿ? ರಾಶಿ ದೊಡ್ಡದಿತ್ತು. ನಮ್ಮಣ್ಣಗ ಇರೂದ ಎರಡ ಕೂರಗಿ ಹೊಲಾರಿ! ಶಂಕ್ರೆಪ್ಪ ಮಜ್ಜಿಗೆ ಎತ್ತಿ ಕುಡಿದ. ಯಣ್ಣಾ, ನನ್ನ ಗಂಡನ್ನೂ ನೋಡಿಲ್ಲೇನ ನೀ? ಜಟ್ಟೆಪ್ಪ ಜಂತಿಯಿಂದ ಕಣ್ಣು ಕೀಳಲಿಲ್ಲ, ಯಾರವ್ವಾ, ಈ ದೊಡ್ಡಾಳ? ನಿಮ್ಮ ಲಗ್ನದಾಗ ಒಮ್ಮಿ ನೋಡಿದ್ಹಂಗ ನೆನಪ. ಮೊದಲು ನಕ್ಕವರು ನಮ್ಮವರು, ಹೋಳಿಗೆ ಬಾಯಲ್ಲಿಟ್ಟುಕೊಂಡೇ, ಆಮೇಲೆ ಬಾಳು, ಆಮೇಲೆ ನಾನು, ಮರಿಗೆಯ ಉಪ್ಪು ಚೆಲ್ಲಿತು, ಚೆಲ್ಲಲಿ. ಕರೆವ್ವ ನಗಲಿಲ್ಲ, ಬಾಳುವನ್ನೇ ದಿಟ್ಟಿಸಿ, ಈಗ ಹೆಂಗಪಾ, ಮನಸ ಹೋಗತೈತೇನ ಅತ್ತಾಗ? ಮಳಿಗಾಲದಾಗ ಕಾಲ ನೋಯ್ತೈತ್ರಿ, ಆಗ ನೆನಪ ಬರತೈತಿ, ಎದ್ದು ಹೊಲಕ್ಕ ಹೋಗಿಬಿಡತೇನಿ. ಸುಳ್ಳು ಹೇಳುವುದು ಇವನಿಗೆ ಯಾಕೆ ಬರುವುದಿಲ್ಲವೋ, ಒಲೆಯ ಮೇಲೆ ಏನೋ ಸೀಯುತ್ತಿದೆ, ಸೀಯಲಿ. ಲಗ್ನಾದ ಮ್ಯಾಲ ಗೊತ್ತಾಗಿದ್ರ ನಿಮ್ಮ ಬಣವಿಗೆ ಬೆಂಕಿ ಹಚ್ಚತಿದ್ನ್ರಿ ಬೀಗರ, ಅಂದಳು ಕರೆವ್ವ ನನಗೆ, ಆದ್ರ ನಿಮ್ಮ ಮಗ ಎಲ್ಲಾರ ಮುಂದ ಹೇಳಿದ, ನಮ್ಮ ಮನ್ಯಾಗಿನ ಗಂಡಸು ಹದಿನೆಂಟ ವರ್ಷ ರಾಶಿ ಮಾಡಾಕತ್ತೈತಿ! ಆಗ ಅವಳ ಮುಖ ಒಡೆದು ನಗು ಬಂತು, ಮೂಗಿನ ಮುತ್ತು ಕುಣಿಯಿತು, ಸಕ್ರಿ ತರ್ರಿ. ಲಗಮೀಗೆ ನಾ ಹೇಳಾಂಗಿಲ್ಲ, ನೀವೂ ಹೇಳಬ್ಯಾಡ್ರಿ, ಅಂವನ ಬಂದು ಆಕೀಗೆ ಹೇಳ್ಲಿ, ಆಕಿ ಹೂಂ ಅಂದ ಮ್ಯಾಲ ಲಗ್ನದ ಅಕ್ಕಿಕಾಳ.

ಸಕ್ಕರೆ ನನ್ನ ಬಾಯಲ್ಲಿ ಇನ್ನೂ ಕರಗಿಲ್ಲ, ಅಥವಾ ಕರಗಿ ಎಷ್ಟೋ ಹೊತ್ತಾಯಿತು, ಗಂಗಾಳ ಬೂದಿ ಹಾಕಿ ತಿಕ್ಕುತ್ತಿದ್ದೇನೆ, ಗಾಡಿ ಊರ ಕಟ್ಟೆ ದಾಟಿರಬೇಕು, ಗೆಜ್ಜೆ ಕೇಳುತ್ತಿಲ್ಲ, ಕರೆವ್ವ ಗಂಡನನ್ನು ಬೈಲಹೊಂಗಲದವರೆಗೂ ಬೈಯುತ್ತಾಳೆ, ಶಂಕ್ರೆಪ್ಪ ಎತ್ತಿನ ಜೊತೆ ಮಾತಾಡುತ್ತಾನೆ. ಬಾಳು ನಾಡಿದ್ದು ರಾಮದುರ್ಗಕ್ಕೆ ಹೋಗುತ್ತೇನೆ ಅನ್ನುತ್ತಾನೆ, ಈಗಲೇ ಅಂಗಿ ಒಗೆಯಲು ಕೂತಿದ್ದಾನೆ, ಅವಳು ಏನು ಅನ್ನುತ್ತಾಳೋ, ಏನೇ ಅನ್ನಲಿ, ಹೇಳಲು ಎದ್ದು ಹೊರಟ ಮಗ ನನ್ನವನು, ಕರೆದರೆ ಓ ಅನ್ನುತ್ತಾನೆ, ಇದೇ ಅಂಗಳದಿಂದ ಓ ಅನ್ನುತ್ತಾನೆ — ಬಾಳೂ — ಓ ಯವ್ವಾ — ಏನಿಲ್ಲ ಬಿಡು, ಸುಮ್ಮನೆ ಕರೆದೆ. ಹೋಗುವಾಗ ಜಟ್ಟೆಪ್ಪ ಎಲ್ಲರೆದುರು ನನಗೆ ಕೈ ಮುಗಿದು, ನಿಮ್ಮ ಗುರ್ತಾತ್ರಿ ಬೀಗರ, ಭಾಳ ಸಂತೋಷ ಆತು ಅಂದರು, ನಾನೂ ಮುಗಿದೆ, ನಮಗೂ ಆತ್ರಿ, ಇವತ್ತ ನೋಡಿದ್ವಿ ನಿಮ್ಮನ್ನ, ಎಂದೆ, ಮುಖ ಸ್ವಲ್ಪವೂ ಅಲುಗಿಸದೆ ಎಂದೆ, ನಾನೂ ಕಲಿತೆ. ಸೋದರ ಸೊಸೆಯ ಬಾಳುವೆ ಎದುರಿಗಿತ್ತು ಅವರಿಗೆ, ತಂಗಿ ಮುಖಕ್ಕೆ ಮುಖ ಕೊಟ್ಟು ಕೇಳಿದಳು, ಹೂಂ ಅಂದಿದ್ದರೂ ನಾನು ಬೈಯುತ್ತಿರಲಿಲ್ಲ, ಅನ್ನಲಿಲ್ಲ, ನಾವೇ ಹೇಳಿದ ಮೇಲೂ ಅನ್ನಲಿಲ್ಲ, ಹುರಳಿಯ ಗುಟ್ಟೂ ಹಾಗೇ ಅವರ ಹತ್ತಿರ ಇರುತ್ತದೆ, ಸಜ್ಜೆಯದೂ, ಆ ಮುದುಕ ಅಗಸೆಯದೂ, ತಿಕ್ಕುವ ಕೈ ನಿಂತಿದೆ, ಬೂದಿ ಒಣಗುತ್ತಿದೆ, ನೀರು ಹಾಕಬೇಕು, ಹಾಕುತ್ತೇನೆ, ನನಗೆ ಕಾಣುತ್ತಿರುವುದು ಅದೊಂದೇ, ಎಲ್ಲರೂ ನಗುತ್ತಿರುವಾಗ ಜಂತಿಯ ಮಸಿಯನ್ನೇ ನೋಡುತ್ತ ಕೂತ ಆ ಮುಖ, ತಡೆದ ನಗುವಿಗೆ ಅದುರುವ ಮೀಸೆ, ಮೇಲೆತ್ತಿದ ಕಣ್ಣಿನ ತುದಿಯಲ್ಲಿ ಒಂದು ಹನಿ, ಬೀಳದೆ, ಅಲ್ಲೇ —