ಸಾಲು ನಿಲ್ಲುವ ಗೋಡೆ

ಅಂಗಿಯ ಕೈತುದಿಗೆ ಎಷ್ಟು ಸೋಪು ತಿಕ್ಕಿದರೂ ಸೀಮೆಎಣ್ಣೆಯ ವಾಸನೆ ಹೋಗಲಿಲ್ಲ. ಲಾಂಡ್ರಿ ಅಂಗಡಿಯಾಕೆ ಅದನ್ನು ಹಿಂಡಿ, ಮೂಸಿ, ಮತ್ತೆ ಬಕೆಟ್ಟಿಗೆ ಅದ್ದಿದಳು. ಊರವರ ಬಟ್ಟೆಯ ಕಲೆಯೆಲ್ಲ ತೆಗೆಯುವವಳಿಗೆ ಮನೆಮಗನ ಅಂಗಿಯೊಂದು ಬಗ್ಗಲಿಲ್ಲ.

"ಸೈಕಲ್ ಚೈನು ತೊಳ್ದೆ," ಎಂದಿದ್ದ ಮಗ. ಸೈಕಲ್ಲು ಕೆಟ್ಟು ಮೂಲೆ ಸೇರಿ ವರ್ಷವಾಗಿತ್ತು.

ಮೊದಲು ಅವನು ಮಾತಿನ ಮಲ್ಲ. ತರಗತಿಯ ಕೆಲವರು ಅವನ ತಲೆಯನ್ನು ಶೌಚಾಲಯದ ಬಕೆಟ್ಟಿನಲ್ಲಿ ಅದ್ದಿ ನಕ್ಕ ಮೇಲೆ ಬಾಯಿಗೆ ಬೀಗ ಬಿತ್ತು. ತಾಯಿ ದೂರು ಹೇಳಲು ಹೋದರೆ ಶಾಲೆಯವರು, "ಹುಡುಗಾಟ ಕಣಮ್ಮ, ಮನಸ್ಸಿಗೆ ಹಚ್ಕೋಬೇಡಿ," ಎಂದು ಬಾಗಿಲತನಕ ಬಂದು ಸಾಗಹಾಕಿದ್ದರು.

ಆಮೇಲೆ ಸರ್ಕಾರ ಶಾಲೆಗಳ ಸುರಕ್ಷತೆಗೆಂದು ಕಾನೂನು ತಂದಿತು. ಗಂಟೆ ಬಿಡದೆ ಬಾರಿಸಿದರೆ ಯಾವ ತರಗತಿ ಯಾವ ಬಾಗಿಲಿಂದ ಹೊರಬೀಳಬೇಕೆಂಬ ನಕ್ಷೆ ಗೋಡೆಗೋಡೆಗೂ ಅಂಟಿತು. ಎಲ್ಲರೂ ಹಿಂದಿನ ಕಾಂಪೌಂಡ್ ಗೋಡೆಗೊತ್ತಿ ಸಾಲು ನಿಲ್ಲಬೇಕು. ಆಗಾಗ ಇದರ ತಾಲೀಮೂ ನಡೆಯುತ್ತಿತ್ತು. ಮಂಕಾದ ಹುಡುಗ ಚುರುಕಾಗಲಿ ಎಂದು ಟೀಚರು ಇವನನ್ನೇ ಸಾಲಿನ ಮುಖಂಡನನ್ನಾಗಿ ಮಾಡಿದರು. ತಾಯಿ ಹಿಗ್ಗಿದಳು. ಒಂದು ದಿನ ಉಣ್ಣುತ್ತ ಕೂತವನು ತಟ್ಟೆ ನೋಡುತ್ತಲೇ ಅಂದ: "ಎಲ್ರೂ ಒಂದೇ ಕಡೆ ನಿಲ್ತಾರಮ್ಮ. ಓಡೋಕೂ ಜಾಗ ಇರಲ್ಲ."

ಅಂದು ಅವಳು ತನ್ನ ತಟ್ಟೆ ಸರಿಸಿ ಎದ್ದಳು.

ಅದೇ ಕಾನೂನಿನಡಿ ಶಾಲೆಯಲ್ಲೊಂದು ಸಮಿತಿಯೂ ಇತ್ತು. ಯಾವುದಾದರೂ ಮಗುವಿನಿಂದ ಅಪಾಯವಿದೆ ಅನ್ನಿಸಿದರೆ ಯಾರೂ ಬರೆದುಕೊಡಬಹುದು. "ಮೊದ್ಲು ಮಗು ಜೊತೆ ಕೂತು ಮಾತಾಡ್ತೀವಿ," ಎಂದಿದ್ದರು ದೊಡ್ಡ ಟೀಚರು, ಪೋಷಕರ ಸಭೆಯಲ್ಲಿ. "ಅಪಾಯ ನಿಜ ಅಂತ ಕಂಡ್ರೆ ಪೊಲೀಸರಿಗೆ ತಿಳಿಸ್ಲೇಬೇಕು. ಅದು ನಮ್ಮ ಕೈಲಿಲ್ಲ."

ಅವಳು ಪತ್ರ ಬರೆದಳು. ಬರೆದು, ಇಸ್ತ್ರಿಯಾದ ಬಟ್ಟೆಗಳ ಅಡಿಯಲ್ಲಿಟ್ಟಳು. ವಾರಗಳು ಸರಿದವು. ಅಂಗಡಿಯಲ್ಲಿ ಜೊತೆಗೆ ದುಡಿಯುವ ಅವಳ ಅಣ್ಣನ ಕೈಗೆ ಅದು ಸಿಕ್ಕಿತು.

"ಹೆತ್ತ ಮಗನ್ನ ನೀನೇ ಹಿಡ್ಕೊಡ್ತೀಯೇನೇ? ಬುದ್ಧಿ ಇಸ್ತ್ರಿ ಪೆಟ್ಟಿಗೆ ಕೆಳಗೆ ಸಿಕ್ಕಿ ಸುಟ್ಟೋಯ್ತಾ?"

"ಏನಾದ್ರೂ ಆಗ್ಬಿಟ್ರೆ ಅಣ್ಣಾ?"

"ಏನಾಗುತ್ತೆ? ಇಲಿ ಕಂಡ್ರೆ ಮಂಚ ಹತ್ತೋನು ಅವ್ನು! ಒಂದ್ಸಲ ಪೊಲೀಸ್ ಠಾಣೇಲಿ ಹೆಸ್ರು ಬಿದ್ರೆ ಮುಗೀತು, ಜನ್ಮಕ್ಕಂಟಿದ ಮಸಿ. ಅದಕ್ಕೆ ಯಾವ ಸೋಪು ಹಾಕ್ತೀಯ?"

ಉಗುಳಲೂ ಆಗದು, ನುಂಗಲೂ ಆಗದು. ಪತ್ರ ಇದ್ದಲ್ಲಿಗೇ ಮರಳಿತು.

ಈಗ ಅಂಗಿಯನ್ನು ತಂತಿಗೆ ಹಾಕುತ್ತಿದ್ದಾಗ ಮಗಳು ಬಂದು ಸೊಂಟ ತಬ್ಬಿದಳು. ಅದೇ ಶಾಲೆಯ ಎರಡನೇ ತರಗತಿಯವಳು.

"ಅಮ್ಮಾ, ನಾಳೆ ನಂಗೆ ಹೊಟ್ಟೆನೋವು."

"ನಾಳೆ ಬರೋ ನೋವು ಇವತ್ತೇ ಹೇಳಿ ಕಳಿಸ್ತೇನೇ, ಕಳ್ಳಿ?"

"ಅಣ್ಣ ಹೇಳ್ಕೊಟ್ಟ. ನಾಳೆ ಗಂಟೆ ಹೊಡ್ದು ಸಾಲು ನಿಲ್ಲಿಸ್ತಾರಂತಲ್ಲ, ನೀನು ಹೋಗ್ಲೇಬೇಡ, ಮಲ್ಕೊಂಡ್ಬಿಡು ಅಂದ. ಆಣೆ ಹಾಕಿಸ್ಕೊಂಡ." ತಟ್ಟನೆ ಬಾಯಿ ಮುಚ್ಚಿಕೊಂಡಳು. "ಅಯ್ಯೋ, ಅವ್ನಿಗೆ ಹೇಳ್ಬೇಡಮ್ಮ."

ತಂಗಿಯೆಂದರೆ ಪ್ರಾಣ ಅವನಿಗೆ. ಆ ಪ್ರಾಣವೊಂದನ್ನೇ ಸಾಲಿನಿಂದ ಪಕ್ಕಕ್ಕೆ ಎತ್ತಿಟ್ಟಿದ್ದಾನೆ.

ಒದ್ದೆ ಕೈಯಲ್ಲೇ ಪತ್ರ ಎಳೆದುಕೊಂಡು ಹೊರಟಳು. ಅಂಗಡಿಯಲ್ಲಿದ್ದ ಅವಳ ಅಣ್ಣ ಅಡ್ಡ ನಿಂತ. ಮಗಳ ಕೈಯನ್ನು ಅವನ ಕೈಗಿಟ್ಟು, "ಇವಳನ್ನೇ ಕೇಳು," ಎಂದಳು. ಅವನು ಕೇಳುವಷ್ಟರಲ್ಲಿ ಅವಳು ಬೀದಿಯ ತಿರುವು ದಾಟಿದ್ದಳು.

ಶಾಲೆ ಬಿಟ್ಟಾಗಿತ್ತು. ಗೇಟಿನ ಬಳಿ ಸಮಿತಿಯ ಪೆಟ್ಟಿಗೆ ತೂಗುತ್ತಿತ್ತು.

"ಇದನ್ನ ಯಾವಾಗ ತೆಗೀತಾರಪ್ಪ?"

ಕಾವಲುಗಾರ ಆಕಳಿಸಿದ. "ವಾರಕ್ಕೊಂದ್ಸಲ ಅಕ್ಕಾ. ಕೀಲಿಕೈ ಸಿಕ್ರೆ."

ಅವಳು ಅವನನ್ನು ದಾಟಿ ಓಡಿದಳು. ದೊಡ್ಡ ಟೀಚರು ಕೋಣೆಗೆ ಬೀಗ ಹಾಕುತ್ತಿದ್ದರು. ಅವಳು ಪತ್ರ ಎತ್ತಿ ಹಿಡಿದಳು.

"ಪೆಟ್ಟಿಗೆಗೆ ಹಾಕ್ರಮ್ಮ, ಸಮಿತಿ ಸೇರಿದಾಗ—"

"ನಾಳೆ ಸಾಲು ನಿಲ್ಲಿಸ್ಬೇಡಿ ಟೀಚರೇ. ಈಗ್ಲೇ ಓದಿ, ನನ್ನೆದುರೇ ಓದಿ."

"ಯಾವ ಮಗು ವಿಷಯ?"

"ನನ್ನ ಮಗ."

ಟೀಚರು ಬೀಗ ಬಿಟ್ಟು ಕೈ ಚಾಚಿದರು. ಅವಳ ಬೆರಳುಗಳು ಪತ್ರಕ್ಕೆ ಬಿಗಿದೇ ಇದ್ದವು. ಅವರು ಮೆಲ್ಲಗೆ ಎಳೆದರು. ಅವಳು ಬಿಟ್ಟಳು.